ಮಧ್ಯವರ್ತಿಯ ಹೊಣೆ: ಅಂತರ್ಜಾಲ ವಾಣಿಜ್ಯ ಮತ್ತು ಕಾನೂನು

ತಾನೇ ಮಾಡುವುದು ಕೃತ, ಅನ್ಯರಿಂದ ಮಾಡಿಸುವುದು ಕಾರಿತ, ಮಾಡಿದುದಕ್ಕೆ ಸಮ್ಮತಿಸುವುದು ಅನುಮತ ಎಂದು ಜೈನಾಚಾರ್ಯರು ಪಾಪಕಾರ್ಯದ ಹೊಣೆಯನ್ನು ಮೂರು ಬಗೆಯಾಗಿ ವಿವೇಚಿಸಿದ್ದಾರೆ. ಭಾರತದ ಅಂತರ್ಜಾಲ ವಾಣಿಜ್ಯದ ಕಾನೂನು ಇಂಥ ವಿವೇಚನೆಯನ್ನು ತಲಪಲು ಸುಮಾರು ಒಂದು ದಶಕ ಹಿಡಿಯಿತು.

ಮಾಹಿತಿ ತಂತ್ರಜ್ಞಾನ ಅಧಿನಿಯಮವು 2000ದ ಅಕ್ಟೋಬರ್ 17ರಂದು ಜಾರಿಗೆ ಬಂದಿತು. ವಿದ್ಯುನ್ಮಾನ ದಾಖಲೆಗೂ ಸಹಿಗೂ ಕಾನೂನಿನ ಮಾನ್ಯತೆ ದೊರೆತು, ಕಾಗದವಿಲ್ಲದ ವ್ಯವಹಾರಕ್ಕೆ ಬಂಡವಾಳ ಹೂಡುವವರಿಗೆ ಧೈರ್ಯ ಬಂದಿತು. ಆದರೆ ಮಾರುವವರನ್ನೂ ಕೊಳ್ಳುವವರನ್ನೂ ಕೂಡಿಸುವ ಮಧ್ಯವರ್ತಿಗೆ 79ನೆಯ ಕಲಮು ನೀಡಿದ ರಕ್ಷಣೆ ಆ ಅಧಿನಿಯಮದ ಮಟ್ಟಿಗಷ್ಟೇ ಸೀಮಿತವಾಗಿತ್ತು. ಅಪರಾಧವು ತನ್ನ ಅರಿವಿಲ್ಲದೆ ನಡೆಯಿತೆಂದಾಗಲಿ, ತಾನು ತಕ್ಕ ಎಚ್ಚರ ವಹಿಸಿದ್ದೆನೆಂದಾಗಲಿ ಅವನೇ ಸಾಧಿಸಿ ತೋರಿಸಬೇಕಿತ್ತು. ಬಾಝೀ ಎಂಬ ಮಾರಾಟತಾಣದಲ್ಲಿ ಬಳಕೆದಾರನೊಬ್ಬನು ಅಶ್ಲೀಲ ದೃಶ್ಯವನ್ನು ಮಾರಾಟಕ್ಕಿಟ್ಟ ಪ್ರಕರಣದಲ್ಲಿ, 2004ರ ಡಿಸೆಂಬರಿನಲ್ಲಿ ಬಂಧಿತರಾದವರು ಆ ಸಂಸ್ಥೆಯ ಮುಖ್ಯಾಧಿಕಾರಿ. ಸಂಸ್ಥೆಯನ್ನೇ ಆರೋಪಿಯನ್ನಾಗಿಸದೆ ಅವರನ್ನು ವಿಚಾರಣೆಗೆ ಗುರಿಪಡಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು ಮೊಕದ್ದಮೆಯನ್ನು ರದ್ದುಪಡಿಸಿದ್ದು 2012ರಲ್ಲಿ.

ಈ ನಡುವೆ, 2008ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿಯು 2009ರ ಅಕ್ಟೋಬರ್ 27ರಿಂದ ಜಾರಿಗೆ ಬಂದಿತ್ತು. ಅಂತರ್ಜಾಲ ಮಾರುಕಟ್ಟೆಗಳೂ ಹರಾಜುತಾಣಗಳೂ ‘ಮಧ್ಯವರ್ತಿ’ ಎಂಬ ವ್ಯಾಖ್ಯೆಯೊಳಗೆ ಸ್ಪಷ್ಟವಾಗಿ ಸೇರಿದವು. ಎಚ್ಚರದಿಂದ ನಡೆದವನು ಅನ್ಯರ ತಪ್ಪಿನ ಹೊಣೆಯಿಂದ ಮುಕ್ತನಾದನು. ಅಪರಾಧಕ್ಕೆ ನೆರವಾದವನಿಗೆ, ಪ್ರೇರೇಪಿಸಿದವನಿಗೆ, ತಿಳಿದೂ ತೆಗೆದುಹಾಕದವನಿಗೆ ಆ ರಕ್ಷಣೆಯಿಲ್ಲ. ಕಾರಿತ, ಅನುಮತಗಳ ಛಾಯೆ ಇಲ್ಲಿ ಗೋಚರಿಸುತ್ತದೆ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ 2013ರಲ್ಲಿ ಇತರ ವ್ಯಾಪಾರಿಗಳಿಗೂ ತನ್ನ ತಾಣವನ್ನು ತೆರೆಯಿತು. ಪ್ರತಿಯೊಬ್ಬ ಮಾರಾಟಗಾರನ ತಪ್ಪಿಗೂ ತಾನೇ ಸೆರೆಮನೆಗೆ ಹೋಗಬೇಕಾದಲ್ಲಿ ಯಾರು ತಾನೇ ಇಂಥ ಸಂತೆಯನ್ನು ನಡೆಸಿಯಾರು?

2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದ ತೀರ್ಪು, ಮಧ್ಯವರ್ತಿಯ ‘ಅರಿವು’ ಎಂದರೆ ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಸೂಚನೆಯಿಂದ ಬಂದ ಅರಿವೆಂದು ನಿರ್ಣಯಿಸಿತು. 2020ರ ಇ-ವಾಣಿಜ್ಯ ನಿಯಮಗಳು ಗ್ರಾಹಕರ ದೂರನ್ನು ಸ್ವೀಕರಿಸಿದುದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದು ವಿಧಿಸಿದವು.

ಕಾನೂನಿನ ಮೇರೆ ಇಲ್ಲಿಗೆ ನಿಲ್ಲುತ್ತದೆ. ವ್ರತದ ಮೇರೆ ನಿಲ್ಲುವುದಿಲ್ಲ. ಅಸಲಿನ ಹೆಸರಿನಲ್ಲಿ ನಕಲನ್ನು ಮಾರುವ ಪ್ರತಿರೂಪಕ ವ್ಯವಹಾರವು ಅಚೌರ್ಯಾಣುವ್ರತದ ಅತಿಚಾರವೆನಿಸಿದೆ. ತನ್ನ ತಾಣದಲ್ಲಿ ನಕಲಿ ಸರಕು ಇದೆಯೆಂದು ತಿಳಿದ ಶ್ರಾವಕನು ಆದೇಶ ಬರುವವರೆಗೆ ಅದರ ಲಾಭವನ್ನು ಎಣಿಸುತ್ತ ಕುಳಿತರೆ ನ್ಯಾಯಾಲಯವು ಅವನನ್ನು ಬಿಟ್ಟೀತು. ಅನುಮತದ ದೋಷವು ಬಿಡದು.