ಸೀಸೆಯೊಳಗಿನ ಬಸವನಹುಳು ಮತ್ತು ತಯಾರಕರ ಹೊಣೆ

ಅಂಗಡಿಯಲ್ಲಿ ಕೊಂಡ ವಸ್ತುವಿನ ದೋಷದಿಂದ ಹಾನಿಯಾದರೆ ಹೊಣೆ ಯಾರದು? ಮಾರಿದವನದೆ, ತಯಾರಿಸಿದವನದೆ, ನೋಡಿ ಕೊಳ್ಳದ ಗಿರಾಕಿಯದೆ? ತಯಾರಕನೇ ನೇರವಾಗಿ ಉತ್ತರಿಸಬೇಕೆಂಬ ತತ್ತ್ವ ಬ್ರಿಟನ್ನಿನ ಕಾನೂನಿನಲ್ಲಿ ನೆಲೆಯೂರಿದ್ದು 1932ರಲ್ಲಿ. ಅದಕ್ಕೆ ಕಾರಣವಾದದ್ದು ಪಾನೀಯದ ಒಂದು ಸೀಸೆ.

ಕೊಳ್ಳುವವನೇ ಎಚ್ಚರವಾಗಿರಬೇಕು ಎಂಬುದು ಹಳೆಯ ವ್ಯಾಪಾರದ ಸೂತ್ರ. ಬಟ್ಟೆಯನ್ನು ಮುಟ್ಟಿ, ಧಾನ್ಯವನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಬಹುದಾದ ಸಂತೆಗೆ ಅದು ಹೊಂದುತ್ತಿತ್ತು. ಕಾರ್ಖಾನೆಯ ಸರಕು ಮುಚ್ಚಿದ ಡಬ್ಬಿಗಳಲ್ಲಿ ಬರತೊಡಗಿದಾಗ ಪರೀಕ್ಷಿಸುವ ಅವಕಾಶವೇ ಇಲ್ಲವಾಯಿತು. ಆದರೆ ಕಾನೂನಿನ ದೃಷ್ಟಿಯಲ್ಲಿ ಗಿರಾಕಿಯ ಕರಾರು ಅಂಗಡಿಯವನೊಡನೆ ಮಾತ್ರ. ಕರಾರಿಲ್ಲದ ತಯಾರಕನನ್ನು ನ್ಯಾಯಾಲಯಕ್ಕೆ ಎಳೆಯುವುದು ಬಹುಮಟ್ಟಿಗೆ ಅಸಾಧ್ಯವಾಗಿತ್ತು.

1928ರ ಆಗಸ್ಟ್ 26ರಂದು ಸ್ಕಾಟ್ಲೆಂಡಿನ ಪೈಸ್ಲಿ ಪಟ್ಟಣದ ಒಂದು ಹೋಟೆಲಿಗೆ ಮೇ ಡೊನೊಹ್ಯೂ ಎಂಬ ಮಹಿಳೆ ಹೋದರು. ಸ್ನೇಹಿತರೊಬ್ಬರು ಅವರಿಗೆ ಐಸ್‌ಕ್ರೀಮ್ ಮತ್ತು ಜಿಂಜರ್ ಬಿಯರ್ ಕೊಡಿಸಿದರು. ಸೀಸೆಯ ಗಾಜು ಗಾಢ ಬಣ್ಣದ್ದು. ಒಳಗೇನಿದೆ ಎಂಬುದು ಕಾಣುವಂತಿರಲಿಲ್ಲ. ಸ್ವಲ್ಪ ಕುಡಿದ ಮೇಲೆ ಉಳಿದದ್ದನ್ನು ಸುರಿದಾಗ ಕೊಳೆತ ಬಸವನಹುಳು ಹೊರಬಿತ್ತೆಂದೂ, ಅದರಿಂದ ತಾವು ಕಾಯಿಲೆ ಬಿದ್ದುದಾಗಿಯೂ ಅವರು ದೂರಿ, ತಯಾರಕ ಡೇವಿಡ್ ಸ್ಟೀವನ್‌ಸನ್‌ರಿಂದ 500 ಪೌಂಡ್ ಪರಿಹಾರ ಕೇಳಿದರು. ದುಡ್ಡು ಕೊಟ್ಟವರು ಸ್ನೇಹಿತರಾದ್ದರಿಂದ ಅವರಿಗೆ ಅಂಗಡಿಯವನೊಡನೆಯೂ ಕರಾರು ಇರಲಿಲ್ಲ. ಪಾನೀಯದ ಸೀಸೆಯಲ್ಲಿ ಇಲಿ ಸಿಕ್ಕಿತೆಂಬ ಇಂಥದೇ ಮೊಕದ್ದಮೆಯನ್ನು ಸ್ಕಾಟ್ಲೆಂಡಿನ ನ್ಯಾಯಾಲಯ 1929ರಲ್ಲಿ ತಳ್ಳಿಹಾಕಿತ್ತು. ಆ ಮೊಕದ್ದಮೆ ಸೋತ ವಕೀಲರೇ ಇದನ್ನೂ ಹಿಡಿದರು.

ಅಂಗಡಿಯೊಂದರಲ್ಲಿ ದುಡಿಯುತ್ತಿದ್ದ ಡೊನೊಹ್ಯೂ, ತಮಗೆ ಐದು ಪೌಂಡಿನಷ್ಟೂ ಆಸ್ತಿಯಿಲ್ಲವೆಂದು ಹೇಳಿಕೆ ಕೊಟ್ಟು, ಬಡವರಿಗಿದ್ದ ರಿಯಾಯಿತಿಯ ಮೇಲೆ ಅಂದಿನ ಅಂತಿಮ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ ಮೆಟ್ಟಿಲೇರಿದರು. 1932ರ ಮೇ 26ರಂದು ತೀರ್ಪು ಹೊರಬಿತ್ತು. ಐವರಲ್ಲಿ ಮೂವರು ಆಕೆಯ ಪರ. ತನ್ನ ಕೆಲಸದಿಂದ ಯಾರಿಗೆ ಹಾನಿ ತಟ್ಟಬಹುದೆಂದು ಊಹಿಸಬಲ್ಲನೋ ಅವರೆಲ್ಲ ಕಾನೂನಿನ ಅರ್ಥದಲ್ಲಿ ಮನುಷ್ಯನ ನೆರೆಯವರು ಎಂದು ಲಾರ್ಡ್ ಆಟ್ಕಿನ್ ವಿವರಿಸಿದರು. ನಡುವೆ ಯಾರೂ ಪರೀಕ್ಷಿಸಲಾಗದಂತೆ ಮುಚ್ಚಿ ಕಳುಹಿಸಿದ ಸರಕಿನ ವಿಷಯದಲ್ಲಿ ತಯಾರಕ ಬಳಕೆದಾರನ ಹಿತ ಕಾಯಲೇಬೇಕು. ಹೀಗೆ ಬಿಟ್ಟರೆ ಹೊಣೆಗೆ ಕೊನೆಯೆಲ್ಲಿ ಎಂಬುದು ಭಿನ್ನಮತದವರ ಆತಂಕವಾಗಿತ್ತು. ಅಂದು ತೀರ್ಮಾನವಾದದ್ದು ಕಾನೂನಿನ ಪ್ರಶ್ನೆ ಮಾತ್ರ. ವಿಚಾರಣೆಗೆ ಮುನ್ನವೇ ಸ್ಟೀವನ್‌ಸನ್ ತೀರಿಕೊಂಡು ವ್ಯಾಜ್ಯ ರಾಜಿಯಲ್ಲಿ ಮುಗಿದುದರಿಂದ, ಸೀಸೆಯಲ್ಲಿ ಹುಳು ನಿಜಕ್ಕೂ ಇತ್ತೆ ಎಂಬುದು ಸಾಬೀತಾಗಲೇ ಇಲ್ಲ.

ಇಷ್ಟಾದರೂ ಒಂದು ತೊಡಕು ಉಳಿಯಿತು. ತಯಾರಕನ ಅಲಕ್ಷ್ಯವನ್ನು ಹಾನಿಗೊಳಗಾದವನೇ ತೋರಿಸಬೇಕಿತ್ತು. ಕಾರ್ಖಾನೆಯ ಗೋಡೆಯೊಳಗೆ ನಡೆದದ್ದು ಹೊರಗಿನವನಿಗೆ ತಿಳಿಯುವುದು ಹೇಗೆ? 1963ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ, ಮರಗೆಲಸದ ಯಂತ್ರದಿಂದ ಗಾಯಗೊಂಡವನೊಬ್ಬನ ಮೊಕದ್ದಮೆಯಲ್ಲಿ, ದೋಷದಿಂದ ಗಾಯವಾಯಿತೆಂದು ತೋರಿಸಿದರೆ ಸಾಕು, ಅಲಕ್ಷ್ಯ ಸಾಬೀತುಪಡಿಸಬೇಕಿಲ್ಲ ಎಂದಿತು. ಆ ಯಂತ್ರವೂ ಹೆಂಡತಿ ಕೊಂಡು ಉಡುಗೊರೆ ಕೊಟ್ಟದ್ದು.

ಭಾರತದಲ್ಲಿ 1986ರ ಗ್ರಾಹಕ ಸಂರಕ್ಷಣಾ ಕಾಯಿದೆ, ಕೊಂಡವನ ಒಪ್ಪಿಗೆಯಿಂದ ವಸ್ತು ಬಳಸುವವನನ್ನೂ ಗ್ರಾಹಕನೆಂದೇ ಪರಿಗಣಿಸಿತು. ಡೊನೊಹ್ಯೂ ಎದುರಿಸಿದ ತೊಡಕು ಇಲ್ಲಿ ಉಳಿಯಲಿಲ್ಲ. ಅದರ ಸ್ಥಾನದಲ್ಲಿ ಬಂದು 2020ರಲ್ಲಿ ಜಾರಿಯಾದ 2019ರ ಕಾಯಿದೆ, ಉತ್ಪನ್ನದ ಹೊಣೆಗೆಂದೇ ಒಂದು ಅಧ್ಯಾಯ ಮೀಸಲಿಟ್ಟಿದೆ. ತಯಾರಿಕೆಯ ದೋಷ, ವಿನ್ಯಾಸದ ದೋಷ, ಬಳಕೆಯ ಬಗ್ಗೆ ಸರಿಯಾದ ಸೂಚನೆ ಕೊಡದಿರುವುದು ಎಲ್ಲಕ್ಕೂ ತಯಾರಕ ಉತ್ತರಿಸಬೇಕು. ವಸ್ತುವನ್ನು ದುರ್ಬಳಕೆ ಮಾಡಿದವನಿಗೆ, ಮಾರ್ಪಡಿಸಿಕೊಂಡವನಿಗೆ ಈ ರಕ್ಷಣೆ ಸಿಗದು. ಹೊಣೆಗೆ ಕೊನೆಯೆಲ್ಲಿ ಎಂಬ 1932ರ ಆತಂಕಕ್ಕೆ ಕಾನೂನು ಕೊಟ್ಟ ಉತ್ತರವಿದು: ದೋಷವನ್ನು ಮೊದಲೇ ತಡೆಯಬಲ್ಲವನು ತಯಾರಕ, ಆದ್ದರಿಂದ ಹೊಣೆಯೂ ಮೊದಲು ಅವನದೇ.