ಕೀಲಿಮಣೆ ಒಂದೇ, ಲಿಪಿ ಎರಡು: ಡ್ರೈವರ್ ಎಂದರೇನು?

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಸದಸ್ಯರಿಂದ ಮೇಲಿಂದ ಮೇಲೆ ಬರುವ ಪ್ರಶ್ನೆ ಒಂದಿದೆ: "ಇಲ್ಲಿಯ ಅಂಗಡಿಯಲ್ಲಿ ಸಿಗುವುದು ಇಂಗ್ಲಿಷ್ ಕೀಲಿಮಣೆ, ಇಲ್ಲವೆ ದೇವನಾಗರಿ ಅಚ್ಚಿನದು. ಕನ್ನಡದ್ದು ಬೇಕಾದರೆ ಬೆಳಗಾವಿಗೆ ಹೋಗಬೇಕೇ?" ಬೇಡ. ಯಾಕೆ ಬೇಡ ಎಂದು ಒಮ್ಮೆ ಬರೆದಿಟ್ಟರೆ ಪ್ರತಿ ಸಲ ಫೋನಿನಲ್ಲಿ ಹೇಳುವುದು ತಪ್ಪುತ್ತದೆ.

ಕೀಲಿಮಣೆಗೆ ಯಾವ ಭಾಷೆಯೂ ಗೊತ್ತಿಲ್ಲ. 'ಕೆ' ಕೀಲಿ ಒತ್ತಿದಾಗ ಯುಎಸ್‌ಬಿ ಕೀಲಿಮಣೆ ಕಳಿಸುವುದು ಅಕ್ಷರವನ್ನಲ್ಲ, 14 ಎಂಬ ಸಂಖ್ಯೆಯನ್ನು. ಅದನ್ನು ಪಡೆದು ಒಳಗೆ ಮುಟ್ಟಿಸುವ ತಂತ್ರಾಂಶವೇ ಡ್ರೈವರ್. ಆ ಸಂಖ್ಯೆ ಯಾವ ಅಕ್ಷರ ಎಂದು ತೀರ್ಮಾನಿಸುವುದು ಅದರ ಮೇಲಿನ ಹಂತ, ಅಂದರೆ ಲೇಔಟ್.

ನಾವು ಕಾರಕೂನರಾಗಿದ್ದಾಗಿನ ಆವಕ-ಜಾವಕ ಮೇಜನ್ನು ನೆನಪಿಸಿಕೊಳ್ಳಿ. ಅರ್ಜಿ ತಂದವನಿಗೆ ಅದು ಒಳಗೆ ಯಾರ ಟೇಬಲ್ಲಿಗೆ ಹೋಗುತ್ತದೆಂದು ಗೊತ್ತಿರಬೇಕಿರಲಿಲ್ಲ. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಅವರು ಆರಂಭಿಸಿದ ಯುನಿಕ್ಸ್‌ನ ಜಾಣತನವೂ ಇದೇ. ಸಾಧನ ಯಾವುದೇ ಇರಲಿ, ತೆರೆ, ಓದು, ಬರೆ, ಮುಚ್ಚು ಎಂಬ ಅವೇ ಕೆಲವು ಆಜ್ಞೆಗಳು. 1991ರ ಲಿನಕ್ಸ್‌ನಲ್ಲೂ ಪ್ರತಿ ಡ್ರೈವರ್ ತನ್ನ ಕೆಲಸಗಳನ್ನು ಒಂದು ನಿಗದಿತ ತಖ್ತೆಯಲ್ಲಿ ತುಂಬಿಕೊಡುತ್ತದೆ. ತನಗೆ ಬಾರದ ಕೆಲಸದ ಕಲಮನ್ನು ಖಾಲಿ ಬಿಡುತ್ತದೆ. ಈ ಆಜ್ಞೆಗಳಲ್ಲಿ ಹೊಂದದ್ದಕ್ಕೆ 'ಐಒಸಿಟಿಎಲ್' ಎಂಬ ಬೇರೆ ಬಾಗಿಲಿದೆ. ವಹಿಯಲ್ಲಿ 'ಇತರೆ' ಎಂಬ ಕಲಮು ಇದ್ದ ಹಾಗೆ. ಗೊಂದಲವೆಲ್ಲ ಕೊನೆಗೆ ಅಲ್ಲಿಯೇ ಬಂದು ಬೀಳುತ್ತದೆ.

ಯುಎಸ್‌ಬಿ ಬಂದ ಮೇಲೆ ಕೀಲಿಮಣೆ, ಮೌಸ್‌ಗಳನ್ನು ಒಂದೇ ವರ್ಗಕ್ಕೆ ಸೇರಿಸಿದರು. ಚುಚ್ಚಿದ ಕೂಡಲೇ ಸಾಧನ ತಾನು ಯಾರೆಂದು ಹೇಳಿಕೊಳ್ಳುತ್ತದೆ. ಆದ್ದರಿಂದ ಯಾವ ಕಂಪನಿಯದಾದರೂ ಸಾಮಾನ್ಯ ಡ್ರೈವರೊಂದೇ ಸಾಕು.

ಭಾರತೀಯ ಲಿಪಿಗಳಿಗೂ ಇದೇ ಯೋಚನೆ ನಡೆದಿದೆ. 1991ರ ಐಎಸ್ 13194 ಮಾನಕದಲ್ಲಿರುವ ಇನ್‌ಸ್ಕ್ರಿಪ್ಟ್ ಲೇಔಟ್‌ನಲ್ಲಿ ಮರಾಠಿಯ ಕಕಾರ, ಕನ್ನಡದ ಕಕಾರ ಎರಡೂ 'ಕೆ' ಕೀಲಿಯಲ್ಲೇ. ಮನೆಯಲ್ಲೇ ನೋಡಿ: ಕೆ, ವಿ, ಡಿ, ವಿ, ಆಮೇಲೆ ಪಿ ಪಕ್ಕದ ಚೌಕ ಆವರಣದ ಕೀಲಿ. ಕನ್ನಡ ಲೇಔಟ್‌ನಲ್ಲಿ 'ಕನ್ನಡ' ಎಂದು ಮೂಡುತ್ತದೆ. ಮರಾಠಿಗೆ ಬದಲಿಸಿ ಅವನ್ನೇ ಒತ್ತಿದರೆ ಅದೇ ಪದ ದೇವನಾಗರಿಯಲ್ಲಿ. ಮರಾಠಿ ಶಾಲೆಯಲ್ಲಿ ಕಲಿತ ನಮ್ಮ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಮರಾಠಿಯಲ್ಲಿಲ್ಲದ ಹ್ರಸ್ವ ಎಕಾರ, ಒಕಾರಗಳ ಕೀಲಿಗಳನ್ನಷ್ಟೇ ಹೊಸದಾಗಿ ಕಲಿಯಬೇಕು. ನುಡಿಯ ಲೇಔಟ್ ರೂಢಿಯಾದವರು ಅದನ್ನೇ ಇಟ್ಟುಕೊಳ್ಳಲಿ, ಮಣೆ ಬದಲಾಗುವುದಿಲ್ಲ.

ಹಂತಗಳನ್ನು ಬೇರೆಯಾಗಿ ಇಡದಿದ್ದರೆ ಏನಾಗುತ್ತದೆಂದು ನಾವು ಅನುಭವಿಸಿದ್ದೇವೆ. ಸಂಘದ ಹಳೆಯ ಸ್ಮರಣ ಸಂಚಿಕೆಗಳನ್ನು ಬೆರಳಚ್ಚು ಮಾಡಿದ ತಂತ್ರಾಂಶದಲ್ಲಿ ಸಂಕೇತವೂ ಫಾಂಟೂ ಒಂದಕ್ಕೊಂದು ಅಂಟಿಕೊಂಡಿದ್ದವು. ಇಂದು ಆ ಫಾಂಟ್ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅವುಗಳಲ್ಲಿ ಬರೆದ ಹಿರಿಯರಲ್ಲಿ ಹಲವರು ಈಗಿಲ್ಲ. ಯುನಿಕೋಡ್‌ಗೆ ಪರಿವರ್ತಿಸಿದರೂ ಒತ್ತಕ್ಷರಗಳು ಅಲ್ಲಲ್ಲಿ ಕೆಡುತ್ತಿವೆ, ಸಾಲುಸಾಲಾಗಿ ತಿದ್ದುತ್ತಿದ್ದೇವೆ. ಮುದ್ರಿತ ಪ್ರತಿ ಇಟ್ಟುಕೊಂಡವರು ತಾಳೆ ನೋಡಲು ದಯವಿಟ್ಟು ಸಂಘಕ್ಕೆ ತಂದುಕೊಡಿ. ಕೆಲಸ ಮುಗಿದ ಮೇಲೆ ಹಿಂತಿರುಗಿಸುತ್ತೇವೆ.