ಮ್ಯಾಕಿಂತಾಷ್ ವ್ಯವಸ್ಥೆಯ ಎಂಟನೆಯ ಆವೃತ್ತಿಯೂ ಪರವಾನಗಿಯ ಪ್ರಶ್ನೆಯೂ

೧೯೯೭ನೆಯ ಇಸವಿ ಜುಲೈ ೨೬ರಂದು ಅಮೆರಿಕದ ಆಪಲ್ ಕಂಪೆನಿಯವರು ತಮ್ಮ ಮ್ಯಾಕಿಂತಾಷ್ ಕಂಪ್ಯೂಟರುಗಳಿಗಾಗಿ ‘ಮ್ಯಾಕ್ ಓಎಸ್ ೮’ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಮಾರಾಟಕ್ಕೆ ತಂದರು. ಅದರ ಬೆಲೆ ೯೯ ಡಾಲರು. ಮೊದಲ ಎರಡು ವಾರಗಳಲ್ಲಿಯೇ ೧೨ ಲಕ್ಷ ಪ್ರತಿಗಳು ಖರ್ಚಾದವು. ನಷ್ಟದಲ್ಲಿ ಮುಳುಗಿದ್ದ ಕಂಪೆನಿಗೆ ಇದು ದೊಡ್ಡ ಆಸರೆಯಾಯಿತು. ಆದರೆ ಈ ವ್ಯವಸ್ಥೆಯು ತಯಾರಾಗುತ್ತಿದ್ದ ಕಾಲದಲ್ಲಿ ಅದಕ್ಕೆ ಗೊತ್ತುಮಾಡಿದ್ದ ಸಂಖ್ಯೆಯು ೮ ಆಗಿರಲಿಲ್ಲ, ೭.೭ ಆಗಿದ್ದಿತು. ಏಳು ಎಂಟಾದುದರಿಂದ ಯಂತ್ರದ ಒಳಗೆ ಏನೂ ವ್ಯತ್ಯಾಸವಾಗಲಿಲ್ಲ. ಹೊರಗಾದರೋ, ಮ್ಯಾಕಿಂತಾಷಿನ ತದ್ರೂಪ ಯಂತ್ರಗಳನ್ನು ಮಾಡಿ ಮಾರುತ್ತಿದ್ದ ಕಂಪೆನಿಗಳ ವ್ಯಾಪಾರವು ಕೆಲವೇ ತಿಂಗಳುಗಳಲ್ಲಿ ನಿಂತುಹೋಯಿತು. ಒಂದು ಅಂಕೆಗೆ ಇಷ್ಟು ಶಕ್ತಿಯು ಎಲ್ಲಿಂದ ಬಂದಿತೆಂಬುದನ್ನು ತಿಳಿಯಬೇಕಾದರೆ ಎರಡು ವೃತ್ತಾಂತಗಳನ್ನು ಬೇರೆ ಬೇರೆಯಾಗಿ ಅನುಸರಿಸಬೇಕಾಗುತ್ತದೆ. ಒಂದು, ಬಹುಕಾಲ ನಿರೀಕ್ಷಿತವಾಗಿದ್ದು ಕಡೆಗೂ ಬಾರದೆ ಹೋದ ಹೊಸ ವ್ಯವಸ್ಥೆಯದು. ಇನ್ನೊಂದು, ಇದ್ದ ವ್ಯವಸ್ಥೆಯನ್ನು ಪರರಿಗೆ ಕೊಟ್ಟ ಪರವಾನಗಿಯದು.

ಮ್ಯಾಕಿಂತಾಷ್ ೧೯೮೪ರ ಜನವರಿ ೨೪ರಂದು ಪ್ರಕಟವಾಯಿತು. ಅದರ ಮೆಮೊರಿಯು ೧೨೮ ಕಿಲೋಬೈಟು ಮಾತ್ರ. ಒಂದು ಸಲಕ್ಕೆ ಒಂದು ಪ್ರೋಗ್ರಾಮು ನಡೆದರೆ ಸಾಕೆಂದು ಅದರ ವ್ಯವಸ್ಥೆಯನ್ನು ರಚಿಸಿದ್ದರು. ೧೯೮೭ರಲ್ಲಿ ‘ಮಲ್ಟಿಫೈಂಡರ್’ ಎಂಬ ಸೌಕರ್ಯವು ಬಂದು, ಹಲವು ಪ್ರೋಗ್ರಾಮುಗಳನ್ನು ಒಟ್ಟಿಗೆ ತೆರೆದಿಡುವುದು ಸಾಧ್ಯವಾಯಿತು. ಆದರೆ ಈ ಸಹವಾಸವು ಕೇವಲ ಸೌಜನ್ಯವನ್ನು ನಂಬಿದುದು. ನಡೆಯುತ್ತಿರುವ ಪ್ರೋಗ್ರಾಮು ತಾನಾಗಿಯೇ ಬಿಟ್ಟುಕೊಟ್ಟರೆ ಮಾತ್ರ ಇನ್ನೊಂದಕ್ಕೆ ಪ್ರೊಸೆಸರು ದೊರೆಯುತ್ತಿದ್ದಿತು. ಬಿಡದಿದ್ದರೆ ಬಲಾತ್ಕಾರದಿಂದ ಬಿಡಿಸುವ ಅಧಿಕಾರವು ವ್ಯವಸ್ಥೆಗೆ ಇರಲಿಲ್ಲ. ಮೇಲಾಗಿ ಒಂದು ಪ್ರೋಗ್ರಾಮಿನ ಮೆಮೊರಿಗೂ ಇನ್ನೊಂದರ ಮೆಮೊರಿಗೂ ನಡುವೆ ಗೋಡೆಯಿರಲಿಲ್ಲ. ಒಂದು ಕೆಟ್ಟರೆ ನೆರೆಯವುಗಳನ್ನೂ ಕೆಡಿಸಿ, ಕಡೆಗೆ ಯಂತ್ರವನ್ನೇ ನಿಲ್ಲಿಸುವುದು ನಿತ್ಯದ ಅನುಭವವಾಗಿದ್ದಿತು. ಸಂಜೆಯವರೆಗೆ ಮಾಡಿದ ಬರೆವಣಿಗೆಯನ್ನು ಹೀಗೆ ಕಳೆದುಕೊಂಡವರಿಗೆ ‘ಹೊಸ ವ್ಯವಸ್ಥೆ’ ಎಂಬ ಮಾತು ಶೋಕಿಯದಾಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

ಈ ಕೊರತೆಯು ಕಂಪೆನಿಯವರಿಗೆ ಗೊತ್ತಿಲ್ಲದುದೇನೂ ಅಲ್ಲ. ೧೯೮೮ರ ಮಾರ್ಚಿಯಲ್ಲಿ ನಡೆದ ಒಂದು ಆಲೋಚನಾ ಸಭೆಯಲ್ಲಿ, ಬೇಗನೆ ಆಗಬಹುದಾದ ಸುಧಾರಣೆಗಳನ್ನು ನೀಲಿ ಚೀಟಿಗಳಲ್ಲಿಯೂ, ದೀರ್ಘಕಾಲವನ್ನು ಬೇಡುವವುಗಳನ್ನು ಗುಲಾಬಿ ಬಣ್ಣದ ಚೀಟಿಗಳಲ್ಲಿಯೂ ಬರೆದು ವಿಂಗಡಿಸಿದರು. ನೀಲಿ ಚೀಟಿಗಳು ೧೯೯೧ರ ಮೇ ತಿಂಗಳಲ್ಲಿ ‘ಸಿಸ್ಟಂ ೭’ ಆಗಿ ಹೊರಬಂದವು. ಗುಲಾಬಿ ಚೀಟಿಗಳ ಕೆಲಸವು ಐಬಿಎಂ ಕಂಪೆನಿಯೊಡನೆ ಕೂಡಿ ಸ್ಥಾಪಿಸಿದ ‘ಟ್ಯಾಲಿಜೆಂಟ್’ ಎಂಬ ಸಂಸ್ಥೆಗೆ ಹೋಯಿತು. ಮ್ಯಾಕಿಂತಾಷಿಗೆ ಅದರಿಂದ ಹೊಸ ವ್ಯವಸ್ಥೆಯು ಬರಲಿಲ್ಲ. ಗೋಡೆಯ ವಿಷಯವೂ ಬಲಾತ್ಕಾರದ ವಿಷಯವೂ ಗುಲಾಬಿ ಚೀಟಿಗಳ ಪಾಲಿಗೆ ಬಂದಿದ್ದವು.

ವ್ಯವಸ್ಥೆಯ ಕ್ರಯದ ವಿಷಯವನ್ನೂ ಇಲ್ಲಿಯೇ ಹೇಳಬಹುದು. ಮೊದಮೊದಲು ಮ್ಯಾಕಿಂತಾಷಿನ ಹೊಸ ಆವೃತ್ತಿಗಳಿಗೆ ಬೆಲೆಯಿಟ್ಟು ಮಾರುವ ಪದ್ಧತಿಯಿರಲಿಲ್ಲ. ಯಂತ್ರವನ್ನು ಕೊಂಡವನು ವ್ಯಾಪಾರಿಯ ಬಳಿಗೆ ಫ್ಲಾಪಿಗಳನ್ನು ಒಯ್ದು ಪ್ರತಿಮಾಡಿಸಿಕೊಂಡು ಬರುತ್ತಿದ್ದನು. ೧೯೯೨ರಲ್ಲಿ ಬಂದ ೭.೧ನೆಯ ಆವೃತ್ತಿಯಿಂದ ಈ ಔದಾರ್ಯವು ನಿಂತಿತು. ವ್ಯವಸ್ಥೆಯು ಯಂತ್ರದ ಅಂಗವೆಂಬ ಭಾವನೆಯು ಹಿಂದೆ ಸರಿದು, ಅದು ತಾನೇ ಒಂದು ಸರಕೆಂಬ ಭಾವನೆಯು ನೆಲೆಗೊಂಡಿತು. ಹಾಗೆ ಸರಕಾದ ಮೇಲೆ, ಅದನ್ನು ಪರರ ಯಂತ್ರಗಳಿಗೂ ಏಕೆ ಮಾರಬಾರದೆಂಬ ಪ್ರಶ್ನೆಯು ಏಳುವುದು ಸಹಜವೇ.

೧೯೯೪ರ ಮಾರ್ಚಿಯಲ್ಲಿ ಪವರ್‌ಪಿಸಿ ಪ್ರೊಸೆಸರುಳ್ಳ ಮ್ಯಾಕಿಂತಾಷುಗಳು ಬಂದವು. ಅದೇ ವರ್ಷದಲ್ಲಿ ‘ಕೋಪ್ಲಂಡ್’ ಎಂಬ ಹೊಸ ವ್ಯವಸ್ಥೆಯ ಕಾರ್ಯವು ಮೊದಲಾಯಿತು. ಅಮೆರಿಕದ ಸಂಗೀತರಚನಕಾರ ಏರನ್ ಕೋಪ್ಲಂಡನ ಹೆಸರನ್ನು ಅದಕ್ಕೆ ಇಟ್ಟಿದ್ದರು. ಅದರ ತರುವಾಯ ಬರಬೇಕಾದುದಕ್ಕೆ ಗರ್ಷ್ವಿನ್ ಎಂಬ ಇನ್ನೊಬ್ಬ ಸಂಗೀತಗಾರನ ಹೆಸರೂ ಸಿದ್ಧವಾಗಿದ್ದಿತು. ಕೋಪ್ಲಂಡಿಗೆ ಹೊಸ ತಿರುಳು, ಮೆಮೊರಿಯ ರಕ್ಷಣೆ, ದಾಖಲೆಗಳ ಒಳಹೊಕ್ಕು ಹುಡುಕುವ ಸಾಧನ, ಬಳಸುವವನ ಅಭಿರುಚಿಗೆ ತಕ್ಕಂತೆ ಬದಲಾಗುವ ತೋರಿಕೆ, ಇವೆಲ್ಲವೂ ಬರುವುವೆಂದು ಸಾರಿದರು. ಅದು ಹೊರಬಂದಾಗ ಜನರ ಕೈಗೆ ಸಿಗಬೇಕಾಗಿದ್ದ ಹೆಸರು ‘ಮ್ಯಾಕ್ ಓಎಸ್ ೮’. ಈ ಸಂಗತಿಯನ್ನು ಮರೆಯಲಾಗದು. ಮುಂದಿನ ವಿವಾದದಲ್ಲಿ ಇದಕ್ಕೆ ವಿಶೇಷ ಪ್ರಾಮುಖ್ಯವಿರುವುದು.

ಆದರೆ ಕೋಪ್ಲಂಡಿನಲ್ಲಿ ಒಂದು ಅಂತರ್ವಿರೋಧವಿದ್ದಿತು. ಹಳೆಯ ಪ್ರೋಗ್ರಾಮುಗಳು ಒಂದೂ ಕೆಡದೆ ಅದರಲ್ಲಿ ನಡೆಯಬೇಕಾಗಿದ್ದಿತು. ಅವುಗಳೋ, ಗೋಡೆಯಿಲ್ಲದ ಮನೆಯಲ್ಲಿ ಬೆಳೆದವು. ಪರರ ಕೋಣೆಯೊಳಕ್ಕೆ ಕೈಚಾಚುವುದೇ ಅವುಗಳ ರೂಢಿ. ಆದುದರಿಂದ ಬಳಸುವವನ ಕಣ್ಣಿಗೆ ಕಾಣುವ ಪ್ರೋಗ್ರಾಮುಗಳನ್ನೆಲ್ಲ ಹಿಂದಿನಂತೆಯೇ ಒಂದೇ ಕೋಣೆಯಲ್ಲಿ ಇರಿಸಿ, ತೆರೆಯ ಹಿಂದೆ ನಡೆಯುವ ಕೆಲಸಗಳಿಗೆ ಮಾತ್ರ ಪೂರ್ಣ ರಕ್ಷಣೆಯನ್ನು ಕೊಡುವ ಮಧ್ಯಮಾರ್ಗವನ್ನು ಹಿಡಿದರು. ಹೀಗಾಗಿ ಯಾವ ಉಪದ್ರವದ ನಿವಾರಣೆಗೆಂದು ಜನರು ಕಾದಿದ್ದರೋ ಅದು ಬಹುಭಾಗ ಹಾಗೆಯೇ ಉಳಿಯುವಂತಿದ್ದಿತು. ಇಷ್ಟಾದರೂ ಒಂದೊಂದು ತಂಡವೂ ತನ್ನ ತನ್ನ ನವೀನತೆಯನ್ನು ಸೇರಿಸುತ್ತ ಹೋಗಿ, ಕೆಲಸದ ಗಾತ್ರವು ಹೆಚ್ಚಿತೇ ಹೊರತು ಕೊನೆಯು ಕಾಣಲಿಲ್ಲ.

೧೯೯೬ರ ಫೆಬ್ರವರಿಯಲ್ಲಿ ಮೈಕೇಲ್ ಸ್ಪಿಂಡ್ಲರನ ಸ್ಥಾನಕ್ಕೆ ಗಿಲ್ ಅಮೆಲಿಯೊ ಕಂಪೆನಿಯ ಮುಖ್ಯಾಧಿಕಾರಿಯಾಗಿ ಬಂದನು. ಮೇ ತಿಂಗಳಲ್ಲಿ ಪ್ರೋಗ್ರಾಮು ರಚಿಸುವವರಿಗಾಗಿ ಸ್ಯಾನ್ ಹೊಸೆಯಲ್ಲಿ ಸೇರಿದ ಸಮ್ಮೇಳನದಲ್ಲಿ ಕೋಪ್ಲಂಡನ್ನು ಆಡಂಬರದಿಂದ ಪ್ರದರ್ಶಿಸಿದರು. ಅದೇ ವರ್ಷದ ಬೇಸಗೆಯಲ್ಲಿ ಕಂಪೆನಿಯನ್ನು ಸೇರಿದ ಎಲೆನ್ ಹ್ಯಾನ್ಕಾಕ್ ಎಂಬ ಮಹಿಳೆಯು ಕೆಲಸದ ನಿಜಸ್ಥಿತಿಯನ್ನು ಪರೀಕ್ಷಿಸಿ, ಇದನ್ನು ಕೈಬಿಟ್ಟು ಹೊರಗಿನಿಂದ ಒಂದು ವ್ಯವಸ್ಥೆಯನ್ನು ಕೊಳ್ಳುವುದೇ ಲೇಸೆಂದು ಅಭಿಪ್ರಾಯಪಟ್ಟಳು. ಆಗಸ್ಟಿನಲ್ಲಿ ಕೋಪ್ಲಂಡ್ ರದ್ದಾಯಿತು. ಆ ಹಣಕಾಸಿನ ವರ್ಷದಲ್ಲಿ ಕಂಪೆನಿಗೆ ಆದ ನಷ್ಟವು ೮೧.೬ ಕೋಟಿ ಡಾಲರು. ಡಿಸೆಂಬರ್ ೨೦ರಂದು ಸ್ಟೀವ್ ಜಾಬ್ಸನ ‘ನೆಕ್ಸ್ಟ್’ ಕಂಪೆನಿಯನ್ನು ೪೦ ಕೋಟಿ ಡಾಲರಿಗೂ ಮಿಕ್ಕ ಬೆಲೆಗೆ ಕೊಳ್ಳುವುದಾಗಿ ಪ್ರಕಟಿಸಿದರು. ೧೯೮೫ರಲ್ಲಿ ಆಪಲನ್ನು ಬಿಟ್ಟುಹೋಗಿದ್ದ ಜಾಬ್ಸನು ಹೀಗೆ ಸಲಹೆಗಾರನಾಗಿ ಮರಳಿ ಬಂದನು.

ಇನ್ನು ಪರವಾನಗಿಯ ವೃತ್ತಾಂತ. ಮೈಕ್ರೋಸಾಫ್ಟಿನವರು ತಮ್ಮ ವಿಂಡೋಸನ್ನು ಕೇಳಿದ ತಯಾರಕರಿಗೆಲ್ಲ ಕೊಟ್ಟು ಲೋಕವನ್ನು ತುಂಬಿದರು. ಆಪಲಿನವರು ತಮ್ಮದನ್ನು ತಮ್ಮ ಯಂತ್ರಕ್ಕೇ ಕಟ್ಟಿಹಾಕಿ ಮೂಲೆಗೆ ಬಿದ್ದರೆಂಬುದು ಆ ಕಾಲದ ಸಾಮಾನ್ಯ ಆಕ್ಷೇಪ. ಇದಕ್ಕೆ ಉತ್ತರವಾಗಿ ೧೯೯೪ರ ಕೊನೆಯಿಂದ ಇತರರಿಗೆ ಪರವಾನಗಿಗಳನ್ನು ಕೊಡತೊಡಗಿದರು. ಸ್ಟೀಫನ್ ಕಾಂಗ್ ಸ್ಥಾಪಿಸಿದ ‘ಪವರ್ ಕಂಪ್ಯೂಟಿಂಗ್’ ಎಂಬುದು ಮೊದಲನೆಯದು. ರೇಡಿಯಸ್, ಯೂಮ್ಯಾಕ್ಸ್, ಮೋಟೊರೋಲಾ ಮುಂತಾದವು ಅನುಸರಿಸಿದವು. ತಯಾರಕನು ಒಂದೊಂದು ಯಂತ್ರಕ್ಕೂ ಗೊತ್ತಾದ ಶುಲ್ಕವನ್ನು ಸಲ್ಲಿಸಬೇಕು; ಆಪಲ್ ಅವನಿಗೆ ವ್ಯವಸ್ಥೆಯನ್ನೂ, ಅದರ ಒಂದು ಭಾಗವನ್ನು ಅಚ್ಚೊತ್ತಿದ ರಾಮ್ ಚಿಪ್ಪುಗಳನ್ನೂ ಒದಗಿಸಬೇಕು. ಈ ಚಿಪ್ಪುಗಳಿಲ್ಲದೆ ಯಂತ್ರವು ಏಳುತ್ತಿರಲಿಲ್ಲವಾದುದರಿಂದ ಬೀಗದ ಕೈಯು ಆಪಲಿನ ಸೊಂಟದಲ್ಲಿಯೇ ಉಳಿಯಿತು.

ಹೊಸಬರು ಆಪಲ್ ಮುಟ್ಟದ ಊರುಗಳಿಗೂ ಜನಗಳಿಗೂ ಮ್ಯಾಕಿಂತಾಷನ್ನು ಮುಟ್ಟಿಸುವರೆಂದು ಲೆಕ್ಕಹಾಕಿದ್ದರು. ನಡೆದುದು ಬೇರೆ. ಪವರ್ ಕಂಪ್ಯೂಟಿಂಗಿನವರು ಟೆಲಿಫೋನಿನಲ್ಲಿ ಬೇಡಿಕೆಯನ್ನು ತೆಗೆದುಕೊಂಡು, ಗಿರಾಕಿಯು ಹೇಳಿದಂತೆ ಯಂತ್ರವನ್ನು ಜೋಡಿಸಿ, ಹೆಚ್ಚು ವೇಗದ ಪ್ರೊಸೆಸರುಗಳನ್ನು ಕಡಿಮೆ ಬೆಲೆಗೆ ಕೊಟ್ಟರು. ಆಪಲಿಗೆ ಹೆಚ್ಚು ಲಾಭವನ್ನು ತರುತ್ತಿದ್ದ ಮುದ್ರಣಕಾರರೂ ಚಿತ್ರಕಾರರೂ ಅವರ ಕಡೆಗೆ ತಿರುಗಿದರು. ಸಾವಿರಾರು ಡಾಲರಿನ ಯಂತ್ರದ ಲಾಭವು ಹೋಗಿ ಅದರ ಜಾಗದಲ್ಲಿ ಅಲ್ಪ ಶುಲ್ಕವು ಬಂದರೆ ಯಾವ ವ್ಯಾಪಾರಿಗೂ ಒಗ್ಗದು. ಇದನ್ನು ತದ್ರೂಪಕಾರರ ದ್ರೋಹವೆನ್ನುವುದು ಸರಿಯಲ್ಲ. ಅವರು ಕೊಟ್ಟ ಹಕ್ಕನ್ನು ಚೆನ್ನಾಗಿ ಬಳಸಿಕೊಂಡರು, ಅಷ್ಟೆ. ಶುಲ್ಕವನ್ನು ಗೊತ್ತುಮಾಡಿದವರ ಲೆಕ್ಕವೇ ತಪ್ಪಿದ್ದಿತು.

ಈ ಕರಾರುಗಳು ವ್ಯವಸ್ಥೆಯ ಏಳನೆಯ ಆವೃತ್ತಿಗೆ ಸಂಬಂಧಪಟ್ಟವು. ೭.೫, ೭.೬ ಎಂದು ಸಂಖ್ಯೆಯು ಏರಿದಷ್ಟೂ ಅವು ಊರ್ಜಿತವಾಗಿಯೇ ಇದ್ದವು. ಎಂಟನೆಯದಕ್ಕೆ ಹೊಸದಾಗಿ ಒಪ್ಪಂದವಾಗಬೇಕು. ಕರಾರನ್ನು ಬರೆದ ಕಾಲದಲ್ಲಿ ‘ಎಂಟು’ ಎಂದರೆ ಕೋಪ್ಲಂಡ್. ಅಪಾರ ವೆಚ್ಚದಿಂದ ಬುಡದಿಂದ ಕಟ್ಟುತ್ತಿರುವ ಹೊಸ ವ್ಯವಸ್ಥೆಗೆ ಹೊಸ ಶುಲ್ಕವನ್ನು ಕೇಳುವುದು ನ್ಯಾಯವೆಂದೇ ಎರಡು ಪಕ್ಷದವರಿಗೂ ತೋರಿರಬೇಕು. ಕೋಪ್ಲಂಡ್ ಅಳಿದ ಮೇಲೆ ಆ ಸಂಖ್ಯೆಯು ಒಡೆಯನಿಲ್ಲದೆ ಉಳಿಯಿತು. ಅದನ್ನು ತೆಗೆದು, ‘ಟೆಂಪೊ’ ಎಂಬ ಗುಪ್ತನಾಮದಿಂದ ೭.೭ ಆಗಿ ಸಿದ್ಧವಾಗುತ್ತಿದ್ದ ಆವೃತ್ತಿಗೆ ತೊಡಿಸಿದರು. ಕೋಪ್ಲಂಡಿನ ತೋರಿಕೆಯ ಕೆಲವು ಅಂಶಗಳು ಅದರಲ್ಲಿದ್ದುವು ನಿಜ. ಫೈಂಡರು ಒಂದೇ ಕಾಲದಲ್ಲಿ ಹಲವು ಕೆಲಸಗಳನ್ನು ಮಾಡಬಲ್ಲದಾಯಿತು. ೬೮೦೩೦ ಪ್ರೊಸೆಸರಿನ ಹಳೆಯ ಯಂತ್ರಗಳು ಪಂಕ್ತಿಯಿಂದ ಎದ್ದುಹೋದುವು. ಆದರೆ ಗೋಡೆಗಳು ಬರಲಿಲ್ಲ. ಬಲಾತ್ಕಾರದ ಅಧಿಕಾರವೂ ಬರಲಿಲ್ಲ.

ಈ ನಾಮಾಂತರವು ಪರವಾನಗಿಗಳನ್ನು ಮುರಿಯುವುದಕ್ಕೆಂದೇ ಜಾಬ್ಸನು ಹೂಡಿದ ಉಪಾಯವೆಂದು ಅನೇಕರು ಬರೆದಿರುವರು. ಇದು ಪೂರ್ಣವಾಗಿ ಒಪ್ಪತಕ್ಕ ಮಾತಲ್ಲ. ಅಮೆಲಿಯೊ ಅಧಿಕಾರದಲ್ಲಿದ್ದಾಗಲೇ ಎಂಟನೆಯ ಆವೃತ್ತಿಗೆ ಹೆಚ್ಚಿನ ಶುಲ್ಕವನ್ನು ಬೇಡಿ ತದ್ರೂಪಕಾರರೊಡನೆ ಮಾತುಕತೆಗಳು ನಡೆದಿದ್ದವು. ಸಂಖ್ಯೆಯಿಂದ ಒದಗಿದ ಅವಕಾಶವನ್ನು ಅಮೆಲಿಯೊ ಚೌಕಾಸಿಗೆ ಬಳಸಿದನು. ಜುಲೈಯಲ್ಲಿ ಅವನು ಹೊರಬಿದ್ದ ಮೇಲೆ ಜಾಬ್ಸನು ಅದನ್ನೇ ಮುಕ್ತಾಯಕ್ಕೆ ಬಳಸಿದನು. ಇಬ್ಬರಿಗೂ ಇದ್ದ ಭೇದವು ಉದ್ದೇಶದ್ದೇ ಹೊರತು ಸಾಧನದ್ದಲ್ಲ.

ಮುಂದಿನದು ಬೇಗನೆ ನಡೆದುಹೋಯಿತು. ಆಗಸ್ಟಿನಲ್ಲಿ ಪವರ್ ಕಂಪ್ಯೂಟಿಂಗಿನ ಅಧ್ಯಕ್ಷನಾದ ಜೋಯಲ್ ಕೋಚರನು ಈ ವಿಷಯದ ಭಿನ್ನಾಭಿಪ್ರಾಯದಿಂದ ಹುದ್ದೆಯನ್ನು ಬಿಟ್ಟನು. ಸೆಪ್ಟೆಂಬರ್ ೨ರಂದು ಆ ಕಂಪೆನಿಯ ಪರವಾನಗಿಯನ್ನೂ ಗಿರಾಕಿಗಳ ಪಟ್ಟಿಯನ್ನೂ ೧೦ ಕೋಟಿ ಡಾಲರು ಬೆಲೆಯ ಷೇರುಗಳನ್ನು ಕೊಟ್ಟು ಆಪಲ್ ಕೊಳ್ಳುವುದೆಂದು ಪ್ರಕಟವಾಯಿತು. ಅದೇ ತಿಂಗಳಲ್ಲಿ ಮೋಟೊರೋಲಾ ತದ್ರೂಪಗಳ ವ್ಯಾಪಾರವನ್ನು ಬಿಟ್ಟಿತು. ಯೂಮ್ಯಾಕ್ಸಿಗೆ ಮಾತ್ರ, ಅಗ್ಗದ ಯಂತ್ರಗಳ ಮಟ್ಟಿಗೆ, ಎಂಟನೆಯದರ ಪರವಾನಗಿಯು ದೊರೆಯಿತು. ಅದೂ ೧೯೯೮ರಲ್ಲಿ ಮುಗಿಯಿತು.

ತದ್ರೂಪ ಯಂತ್ರವನ್ನು ಕೊಂಡವರ ಪಾಡು ಏನಾಯಿತೆಂದು ಕೇಳಬಹುದು. ಕರಾರು ತಯಾರಕನನ್ನು ಕಟ್ಟಿದುದೇ ಹೊರತು ಕೊಂಡವನನ್ನಲ್ಲ. ಅಂಗಡಿಯಲ್ಲಿ ೯೯ ಡಾಲರಿಗೆ ದೊರೆತ ಎಂಟನೆಯ ಆವೃತ್ತಿಯು ಅವನ ಯಂತ್ರದಲ್ಲಿಯೂ ನಡೆಯುತ್ತಿದ್ದಿತು. ಒಂದೇ ವ್ಯವಸ್ಥೆಯನ್ನು ಗಿರಾಕಿಯು ಪೆಟ್ಟಿಗೆಯಲ್ಲಿ ಕೊಂಡು ಹಾಕಿಕೊಳ್ಳಬಹುದು, ತಯಾರಕನು ಅದೇ ಯಂತ್ರದೊಡನೆ ಸೇರಿಸಿ ಮಾರಲಾಗದು ಎಂಬ ಈ ವಿಚಿತ್ರವೇ ಮುಂದೆ ನ್ಯಾಯಾಲಯವನ್ನು ಮುಟ್ಟಿತು.

ನೆಕ್ಸ್ಟಿನ ತಳಹದಿಯ ಮೇಲೆ ಕಟ್ಟಿದ ‘ಮ್ಯಾಕ್ ಓಎಸ್ ಹತ್ತು’ ೨೦೦೧ರ ಮಾರ್ಚ್ ೨೪ರಂದು ೧೨೯ ಡಾಲರು ಬೆಲೆಗೆ ಬಂದಿತು. ಗುಲಾಬಿ ಚೀಟಿಗಳ ಗೋಡೆಗಳು ಹದಿಮೂರು ವರ್ಷಗಳ ಮೇಲೆ ಹೀಗೆ ಎದ್ದವು. ಅದರ ಪರವಾನಗಿಯು ಆಪಲ್ ಹೆಸರನ್ನು ಹೊತ್ತ ಯಂತ್ರದಲ್ಲಿ ಮಾತ್ರ ಬಳಕೆಗೆ ಅನುಮತಿಯನ್ನು ಕೊಟ್ಟಿತು. ಈ ಬಾರಿ ನಿಬಂಧನೆಯು ಬಳಸುವವನನ್ನೇ ಕಟ್ಟಿದುದು. ೨೦೦೮ರಲ್ಲಿ ಫ್ಲಾರಿಡಾದ ಸೈಸ್ಟಾರ್ ಎಂಬ ಸಣ್ಣ ಕಂಪೆನಿಯು ಈ ವ್ಯವಸ್ಥೆಯ ಪ್ರತಿಗಳನ್ನು ಕೊಂಡು, ತಾನು ಮಾಡಿದ ಯಂತ್ರಗಳಲ್ಲಿ ಹಾಕಿ ಮಾರಿತು. ಆಪಲ್ ದಾವೆ ಹೂಡಿತು. ೨೦೦೯ರ ನವೆಂಬರಿನಲ್ಲಿ ನ್ಯಾಯಾಧೀಶ ವಿಲಿಯಂ ಆಲ್ಸಪ್ ಆಪಲಿನ ಪರವಾಗಿ ತೀರ್ಪಿತ್ತನು; ೨೦೧೧ರ ಸೆಪ್ಟೆಂಬರಿನಲ್ಲಿ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ೨೦೧೩ರ ಅಕ್ಟೋಬರಿನಲ್ಲಿ ‘ಮ್ಯಾವರಿಕ್ಸ್’ ಎಂಬ ಆವೃತ್ತಿಯನ್ನು ಬೆಲೆಯಿಲ್ಲದೆ ಕೊಟ್ಟು, ಏಳನೆಯ ಆವೃತ್ತಿಯ ಕಾಲದಲ್ಲಿ ಹೋಗಿದ್ದ ಪದ್ಧತಿಯನ್ನು ಕಂಪೆನಿಯವರು ಪುನಃ ತಂದರು. ಯಂತ್ರದ ಮೇಲಿನ ಹೆಸರನ್ನು ಕುರಿತ ನಿಬಂಧನೆಯನ್ನು ಮಾತ್ರ ತೆಗೆಯಲಿಲ್ಲ.